ಬಾವುಟದ ಹಿಂದೆ ಕೂತವರು

ಮಕ್ಕಳ ಬಗ್ಗೆ ಜಂಬ ಕೊಚ್ಚಿಕೊಳ್ಳಬೇಕಾದರೆ ವಿಷಯ ಒಂದೇ ಉಸಿರಿನಲ್ಲಿ ಹೇಳಿ ಮುಗಿಸುವಂತಿರಬೇಕು. "ನನ್ನ ಮಗ ಡಾಕ್ಟರು", "ನನ್ನ ಸೊಸೆ ಆರ್ಕಿಟೆಕ್ಟು" ಎಂದರೆ ಸಾಕು, ಎದುರಿನವರು ಹುಬ್ಬೇರಿಸುತ್ತಾರೆ, ಹೋಳಿಗೆ ಮುಂದಿನ ಎಲೆಗೆ ಹೋಗುತ್ತದೆ. ಆಕ್ಲೆಂಡಿನ ನಮ್ಮ ಕನ್ನಡಿಗರ ಹಬ್ಬದೂಟಗಳಲ್ಲಿ ನಾನು ಸದಾ ಸೋಲುವುದು ಇಲ್ಲಿಯೇ. ನನ್ನ ಮಗಳು ಅಪೂರ್ವ ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ತೆಗೆಯುತ್ತಾಳೆ. ಅಷ್ಟು ಹೇಳಿ ಸುಮ್ಮನಾದರೆ ಮರ್ಯಾದೆಗೇನೂ ಕೊರತೆಯಿಲ್ಲ. ಆದರೆ ನನ್ನ ನಾಲಿಗೆ ತುರಿಸುವುದು ಅವಳ ಭಾನುವಾರಗಳ ಬಗ್ಗೆ ಹೇಳುವುದಕ್ಕೆ.

"ಫುಟ್‌ಬಾಲಲ್ಲಿ ಲೈನ್ ರೆಫರಿ ಅವಳು," ಎಂದು ಶುರುಮಾಡುತ್ತೇನೆ.

"ಅಂದ್ರೆ ಆಡ್ತಾಳಾ?"

"ಇಲ್ಲ, ಆಡೋರನ್ನ ನೋಡ್ತಾಳೆ."

"ಅದನ್ನ ನಾವೂ ಮಾಡ್ತೀವಲ್ರೀ!"

ಇಷ್ಟಕ್ಕೆ ಬಿಟ್ಟುಬಿಡಬೇಕು. ಬಿಡದೆ ಆಫ್‌ಸೈಡ್ ನಿಯಮ ವಿವರಿಸಲು ಹೊರಡುತ್ತೇನೆ. ಚೆಂಡು ತನ್ನತ್ತ ಹೊರಡುವ ಮೊದಲೇ ಎದುರಾಳಿಗಳನ್ನು ದಾಟಿ ಗೋಲಿನ ಹತ್ತಿರ ಹೋಗಿ ಕಾದು ನಿಲ್ಲಬಾರದು, ಇದು ನಿಯಮ. ಮದುವೆಮನೆಯಲ್ಲಿ ಒಂದು ಪಂಕ್ತಿ ಏಳುವ ಮೊದಲೇ ಉಣ್ಣುವವರ ಬೆನ್ನ ಹಿಂದೆ ಹೋಗಿ ಕುರ್ಚಿ ಹಿಡಿದು ನಿಲ್ಲುತ್ತೇವಲ್ಲ, ಅದೇ ಆಫ್‌ಸೈಡು. ಹಾಗೆ ನಿಂತವರನ್ನು ಕಂಡೊಡನೆ ಬಾವುಟ ಎತ್ತುವುದು ನನ್ನ ಮಗಳ ಕೆಲಸ. ಇಷ್ಟು ಹೇಳಿ ಮುಗಿಸುವ ಹೊತ್ತಿಗೆ ಕೇಳುವವರು ಕೈ ತೊಳೆಯಲು ಎದ್ದಿರುತ್ತಾರೆ.

ನನಗೆ ಫುಟ್‌ಬಾಲಿನ ಹುಚ್ಚು ಹಿಡಿದದ್ದು ಬೆಂಗಳೂರಿನಲ್ಲಿ. ಇದನ್ನು ಇಲ್ಲಿ ಯಾರೂ ನಂಬುವುದಿಲ್ಲ. ನನ್ನ ಮುಖ ಕಂಡರೆ ಸಾಕು, ಕ್ರಿಕೆಟ್ ಸ್ಕೋರು ಕೇಳುತ್ತಾರೆ. ಆದರೆ ನಾನು ಹುಟ್ಟಿದ ದಂಡು ಪ್ರದೇಶದ ಬೀದಿಗಳಲ್ಲಿ ಗೋಡೆಯ ಮೇಲೆ ಇದ್ದಿಲಿನಿಂದ ಸ್ಟಂಪು ಬರೆದವರಿಗಿಂತ ಗೋಲುಗಂಬ ಬರೆದವರೇ ಹೆಚ್ಚು. ಅಲ್ಲಿ ಆಟದ ಜೊತೆಗೆ ಇನ್ನೊಂದು ವಿದ್ಯೆಯೂ ತಾನಾಗಿ ಬರುತ್ತಿತ್ತು. ಅದು ರೆಫರಿಯನ್ನು ಬಯ್ಯುವ ವಿದ್ಯೆ. ಕನ್ನಡ, ತಮಿಳು, ದಖನಿ ಮೂರರಲ್ಲೂ ನಾನು ಪರಿಣತ. ರೆಫರಿಗೆ ಕಣ್ಣಿಲ್ಲ, ನಾಚಿಕೆಯಿಲ್ಲ, ಮನೆಯಲ್ಲಿ ಹೇಳುವವರು ಕೇಳುವವರಿಲ್ಲ ಎಂದು ನಾವು ಖಚಿತವಾಗಿ ನಂಬಿದ್ದೆವು. ಆ ಮನೆ ಮುಂದೊಂದು ದಿನ ನನ್ನದೇ ಆದೀತೆಂದು ಯಾರಿಗೆ ಗೊತ್ತಿತ್ತು?

ಕಳೆದ ಚಳಿಗಾಲದಲ್ಲಿ ಹೆಂಡರ್ಸನ್ನಿನ ನಮ್ಮ ಮನೆಯ ಹತ್ತಿರದ ಕೆಸರು ಮೈದಾನದಲ್ಲಿ ಅಪೂರ್ವ ಬಾವುಟ ಹಿಡಿದಿದ್ದಳು. ಆಟಗಾರನೊಬ್ಬನ ಕಡೆಯವರು ಪಂದ್ಯ ಮುಗಿಯುವವರೆಗೂ ಅವಳ ಬೆನ್ನ ಹಿಂದೆಯೇ ನಿಂತು ಅವಳ ಮೇಲೆ ಕೂಗಾಡಿದರು. ಮುಗಿದ ಮೇಲೆ ಅವಳು ಕಾರಿಗೆ ಬಂದು ಕೂತು ಸ್ಟಿಯರಿಂಗ್ ಮೇಲೆ ತಲೆಯಿಟ್ಟು ಅತ್ತಳು. ಮರುದಿನ ಬಾವುಟ ಬೀರು ಸೇರಿತು, ಬಹಳ ದಿನ ಹೊರಗೆ ಬರಲಿಲ್ಲ. ಮತ್ತೆ ಬೀರು ತೆಗೆಸಿದ್ದು ಒಂದು ಫೋನ್ ಕರೆ. ಪೆನ್‌ರೋಸಿನ ದೊಡ್ಡ ಕ್ರೀಡಾಂಗಣದಲ್ಲಿ ಸ್ಥಳೀಯ ಕಪ್ಪಿನ ಫೈನಲ್, ಅದರಲ್ಲಿ ಒಂದು ಗೆರೆ ಅವಳದು. ಮೇಲಿನ ದರ್ಜೆಗೆ ಆರಿಸುವವರು ಬಂದು ನೋಡುತ್ತಾರಂತೆ.

"ದಿಸ್ ಒನ್, ಅಪ್ಪಾ. ಇದೂ ಹಾಗೇ ಆದ್ರೆ ಐ ಆಮ್ ಡನ್. ನೀವು ಬರೋದಾದ್ರೆ ಬನ್ನಿ, ಬಟ್ ನೋ ಶೌಟಿಂಗ್. ಯಾರಿಗೂ ಹೇಳ್ಬೇಡಿ. ನಮ್ಮನ್ನ ಯಾರೂ ನೋಟಿಸ್ ಮಾಡ್ಲಿಲ್ಲ ಅಂದ್ರೇನೇ ಗುಡ್ ಗೇಮ್."

ಈ ಕೊನೆಯ ಮಾತು ನನಗೆ ಅರ್ಥವಾಗಬೇಕಿತ್ತು. ನಾನು ಲಿಫ್ಟು ರಿಪೇರಿಯ ಎಂಜಿನಿಯರು. ಲಿಫ್ಟು ಓಡುತ್ತಿರುವಾಗ ನನ್ನನ್ನು ನೆನೆಸಿಕೊಂಡವರಿಲ್ಲ, ಎರಡು ಮಹಡಿಗಳ ನಡುವೆ ಸಿಕ್ಕಿಬಿದ್ದಾಗ ನೆನೆಸಿಕೊಳ್ಳದವರಿಲ್ಲ. ಆದರೂ ಅಪ್ಪನ ಬುದ್ಧಿ ಬೇರೆ ದಾರಿಯಲ್ಲಿ ಓಡಿತು. ನ್ಯೂ ಲಿನ್ನಿನಲ್ಲಿರುವ ಜಯಲಕ್ಷ್ಮಿ ಆಂಟಿಗೆ, ಅವರೊಬ್ಬರಿಗೇ, ಗುಟ್ಟಿನಲ್ಲಿ ಹೇಳಿದೆ. ಮೈಸೂರಿನ ಈ ನಿವೃತ್ತ ಡಾಕ್ಟರು ಗುಟ್ಟನ್ನು ಪ್ರಸಾದವೆಂದು ಭಾವಿಸುವವರು, ಹಂಚದೆ ತಿನ್ನುವುದಿಲ್ಲ.

ಹೀಗಾಗಿ ಆ ಭಾನುವಾರ ನಾನೂ ನನ್ನ ಹೆಂಡತಿ ಶೈಲಾಳೂ ಹತ್ತಿದ ರೈಲಿಗೆ ನ್ಯೂ ಲಿನ್ ನಿಲ್ದಾಣದಲ್ಲಿ ಒಂದು ದಿಬ್ಬಣವೇ ಹತ್ತಿತು. ಮುಂದೆ ಜಯಲಕ್ಷ್ಮಿ ಆಂಟಿ, ಹಿಂದೆ ಹಬ್ಬದೂಟದ ಬಳಗ, ಅವರ ಸ್ವೆಟರು, ಶಾಲು, ಥರ್ಮಾಸ್, ಪುಳಿಯೋಗರೆಯ ಡಬ್ಬಿ. ಶೈಲಾ ಬೆಳಗಾವಿಯವಳು, ವೃತ್ತಿಯಲ್ಲಿ ನರ್ಸು. ನನ್ನ ರೋಗವನ್ನು ಬಹಳ ಹಿಂದೆಯೇ ಪತ್ತೆಹಚ್ಚಿದವಳು. "ಯಾರಿಗೂ ಹೇಳಬ್ಯಾಡ್ರಿ ಅಂತ ಕೂಸು ಹೇಳಿದ್ದಿಲ್ಲೇನ್ರೀ?" ಎಂದು ಮೆಲ್ಲಗೆ ಕೇಳಿ ಕಿಟಕಿಯ ಕಡೆ ತಿರುಗಿದಳು. ನಾನೂ ಇನ್ನೊಂದು ಕಿಟಕಿಯ ಕಡೆ ತಿರುಗಿದೆ.

ಇಷ್ಟು ವರ್ಷ ಇದೇ ಊರಿನಲ್ಲಿದ್ದೂ ನಾನು ಆ ಕ್ರೀಡಾಂಗಣದೊಳಗೆ ಕಾಲಿಟ್ಟಿರಲಿಲ್ಲ. ಅಲ್ಲಿ ಹೆಚ್ಚಾಗಿ ನಡೆಯುವುದು ಮೊಟ್ಟೆಯಾಕಾರದ ಚೆಂಡಿನ ಆಟ, ರಗ್ಬಿ. ದುಂಡನೆಯ ಚೆಂಡಿನ ಭಕ್ತನಾದ ನನಗೆ ಅದು ಪರಮತದ ಗುಡಿ. ಗೋದಾಮುಗಳ, ಲಾರಿಗಳ ನಡುವೆ ನಡೆದು ಗೇಟಿಗೆ ಬಂದೆವು. ಕಾವಲಿನ ಎತ್ತರದ ಸಮೋವನ್ ಯುವಕ ಡಬ್ಬಿಯ ಮುಚ್ಚಳ ತೆಗೆದು, ಮೂಗು ಹತ್ತಿರ ತಂದು, "ಸ್ಮೆಲ್ಸ್ ಮೀನ್, ಅಂಕಲ್. ಇನ್ ಯೂ ಗೋ," ಎಂದ. ಮೀನ್ ಎಂದರೆ ಇಲ್ಲಿ ಭೇಷ್ ಎಂದು. ಪರಮತದ ಗುಡಿಯಲ್ಲೂ ನನ್ನನ್ನು ಅಂಕಲ್ ಎನ್ನುವವರಿದ್ದಾರೆಂದು ಧೈರ್ಯ ಬಂತು.

ಫುಟ್‌ಬಾಲ್ ಪಂಡಿತನೆಂಬ ಹೆಮ್ಮೆಯಿಂದ ಎಲ್ಲರನ್ನೂ ಕರೆದುಕೊಂಡು ಹೋಗಿ ಚಾವಣಿಯ ಕೆಳಗಿನ ಒಳ್ಳೆಯ ಸೀಟುಗಳಲ್ಲಿ ಕೂರಿಸಿದೆ. ಆಟಗಾರರು ಬಂದರು, ರೆಫರಿ ಬಂದರು, ಅಪೂರ್ವ ಬಂದಳು. ಬಂದವಳು ನಮ್ಮತ್ತ ಬರದೆ ಮೈದಾನ ದಾಟಿ ಎದುರುಗಡೆಯ ಗೆರೆಗೆ ಹೋಗಿ ನಿಂತಳು. ಲೈನ್ ರೆಫರಿಗೆ ಒಂದೇ ಬದಿ, ಅದರಲ್ಲೂ ಅರ್ಧ ಎಂಬುದು ಇಷ್ಟೆಲ್ಲ ಬಲ್ಲ ನನಗೆ ಹೊಳೆದೇ ಇರಲಿಲ್ಲ. ಅಲ್ಲಿಂದ ಅವಳು ಒಂದು ಬೆಂಕಿಕಡ್ಡಿಯಷ್ಟು ಕಾಣುತ್ತಿದ್ದಳು.

"ಎಂಥಾ ಪಂಡಿತ್ರೀ ನೀವು!" ಎಂದಳು ಶೈಲಾ. ಜನ ಕಡಿಮೆಯಿದ್ದುದರಿಂದ ಎಲ್ಲಿ ಬೇಕಾದರೂ ಕೂರಬಹುದಿತ್ತು. ದಿಬ್ಬಣ ಮತ್ತೆ ಶಾಲು, ಥರ್ಮಾಸ್, ಡಬ್ಬಿ ಎತ್ತಿಕೊಂಡು ಇಡೀ ಕ್ರೀಡಾಂಗಣಕ್ಕೆ ಅರ್ಧ ಪ್ರದಕ್ಷಿಣೆ ಹಾಕಿತು. ಅಂತೂ ಅವಳ ಬೆನ್ನ ಹಿಂದಿನ ಸಾಲಿನಲ್ಲಿ, ಬಿಸಿಲು ಗಾಳಿ ಎರಡೂ ಮುಖಕ್ಕೆ ಹೊಡೆಯುವಲ್ಲಿ ಕೂತೆವು. ಅಪೂರ್ವ ತಿರುಗಿ ನೋಡಲಿಲ್ಲ. ಆದರೆ ಅವಳ ಜಡೆಯ ತುದಿ ಒಂದು ಕ್ಷಣ ನಿಂತಿತು. ನಾವು ಬಂದದ್ದು ಅವಳಿಗೆ ಪುಳಿಯೋಗರೆಯ ವಾಸನೆಯಿಂದಲೇ ತಿಳಿದಿರಬೇಕು.

"ನಮ್ಮ ಮಗು ಯಾವ ಟೀಮು?" ಕೇಳಿದರು ಜಯಲಕ್ಷ್ಮಿ ಆಂಟಿ.

"ಯಾವ ಟೀಮೂ ಅಲ್ಲ ಆಂಟಿ."

"ಅಯ್ಯೋ ಪಾಪ! ಎರಡರಲ್ಲೂ ಸೇರಿಸ್ಕೊಳ್ಳಲಿಲ್ವೇ?"

ವಿವರಿಸುವಷ್ಟರಲ್ಲಿ ಬಾವುಟ ಎದ್ದಿತು. ಆಂಟಿ ಪಟಪಟನೆ ಚಪ್ಪಾಳೆ ತಟ್ಟಿದರು, ಇಡೀ ಸಾಲು ತಟ್ಟಿತು. ಮತ್ತೆ ಬಾವುಟ, ಮತ್ತೆ ಚಪ್ಪಾಳೆ. ಈ ತಂಡಕ್ಕೂ ತಟ್ಟಿ ಆ ತಂಡಕ್ಕೂ ತಟ್ಟುವ, ಗೋಲಾದರೆ ಸುಮ್ಮನಿದ್ದು ಗೋಲು ತಪ್ಪಿದರೆ ಹಿಗ್ಗುವ ಈ ಜನ ಯಾರೆಂದು ಅಕ್ಕಪಕ್ಕದವರು ತಿರುಗಿ ನೋಡತೊಡಗಿದರು. ಲೋಕದಲ್ಲಿ ಎಲ್ಲಿಯಾದರೂ ಲೈನ್ ರೆಫರಿಗೆ ಅಭಿಮಾನಿ ಬಳಗವೊಂದು ಇದ್ದಿದ್ದರೆ ಅದು ಆ ದಿನ ಆ ಸಾಲಿನಲ್ಲಿ ಕೂತಿತ್ತು. ನಾನು ತಲೆ ತಗ್ಗಿಸಿ ಕಾಲ ಬಳಿಯ ಸಿಮೆಂಟು ನೋಡುತ್ತಿದ್ದೆ. ಒಳಗೊಳಗೇ ಖುಷಿಯಾಗುತ್ತಿತ್ತೆಂಬುದನ್ನೂ ಹೇಳಿಬಿಡುತ್ತೇನೆ. ಕೊನೆಗೆ ಶೈಲಾ ಆಸ್ಪತ್ರೆಯ ವಾರ್ಡಿನ ಧ್ವನಿ ತೆಗೆದು, "ಆಂಟಿ, ಇನ್ನ ಚಪ್ಪಾಳಿ ಸಾಕ್ರಿ. ಕೂಸಿಗೆ ಮುಜುಗರ ಆಗ್ತದ," ಎಂದ ಮೇಲೆ ಸಾಲು ತಣ್ಣಗಾಯಿತು.

ಕೂತು ಯೋಚಿಸುತ್ತಿದ್ದೆ. ನಮ್ಮ ಸಂಸ್ಕೃತಿಯಲ್ಲಿ ಸಾಕ್ಷಿಗೆ ಬಲು ದೊಡ್ಡ ಸ್ಥಾನ. ಮದುವೆಗೆ ಅಗ್ನಿಸಾಕ್ಷಿ, ಆಣೆಗೆ ಸೂರ್ಯಚಂದ್ರರು ಸಾಕ್ಷಿ. ಆದರೆ ಆ ಅಗ್ನಿ ಎಲ್ಲಿ ಕೂತು ನೋಡಿತು, ಅದಕ್ಕೆ ಹೊಗೆ ಅಡ್ಡ ಬಂದಿತ್ತೇ ಎಂದು ಯಾರೂ ಕೇಳಿದವರಿಲ್ಲ. ಸೂರ್ಯನನ್ನು ಕಣ್ಣು ಕಾಣಲ್ವೇನೋ ಎಂದು ಬಯ್ದವರೂ ಇಲ್ಲ. ಆ ಸೌಕರ್ಯ ದೇವತೆಗಳಿಗೆ ಮಾತ್ರ. ನನ್ನ ಮಗಳು ಗಾಳಿಯಲ್ಲಿ, ಅಡ್ಡಡ್ಡ ಹೆಜ್ಜೆ ಹಾಕಿಕೊಂಡು, ಕಾಣದ ಒಂದು ಗೆರೆಯ ನೇರಕ್ಕೆ ಓಡುತ್ತಲೇ ಸಾಕ್ಷಿ ಹೇಳಬೇಕು.

ಒಂದು ವಿಷಯ ಹೇಳಲು ಮರೆತಿದ್ದೆ. ಅಂದು ಆಡುತ್ತಿದ್ದ ಎರಡು ತಂಡಗಳಲ್ಲಿ ಒಂದು ಪಶ್ಚಿಮ ಆಕ್ಲೆಂಡಿನದು, ವರ್ಷಗಳಿಂದ ನಾನು ಮೈದಾನದಂಚಿನ ಹಗ್ಗದ ಪಕ್ಕ ನಿಂತು ಬೆಂಬಲಿಸಿದ ತಂಡ. ಪಂದ್ಯ ಮುಗಿಯಲು ಬಂದಾಗ ಅದು ಒಂದು ಗೋಲು ಹಿಂದಿತ್ತು. ಆಗ ಚೆಂಡೊಂದು ನಡುವಿನಿಂದ ಹಾರಿ ಬಂತು. ನಮ್ಮ ಮುಂಪಡೆಯ ಹುಡುಗ ಅದನ್ನು ಎದೆಯ ಮೇಲೆ ಇಳಿಸಿಕೊಂಡು ಬಲೆಗೆ ಹೊಡೆದ. ಸಮ! ನಾನು ಎದ್ದು ನಿಂತೆ. ಸುತ್ತಲಿದ್ದವರೆಲ್ಲ ಎದ್ದರು.

ಬಾವುಟವೂ ಎದ್ದಿತ್ತು.

ನನ್ನ ಕಣ್ಣಿಗೆ ಅದು ಶುದ್ಧ ಗೋಲು. ಮುಂದಿನ ಸಾಲಿನಲ್ಲಿ ನಮ್ಮ ತಂಡದ ಮಫ್ಲರ್ ಸುತ್ತಿಕೊಂಡಿದ್ದ ಬಿಳಿಗೂದಲಿನ ಅಜ್ಜ, "ಆರ್ ಯೂ ಬ್ಲೈಂಡ್, ಲೈನೋ?" ಎಂದು ಲೈನ್ ರೆಫರಿಯತ್ತ ಗುಡುಗಿದ. ಸುತ್ತಲಿನಿಂದ ಇನ್ನೂ ಕೆಟ್ಟ ಮಾತುಗಳು ಬಂದವು. ನನ್ನ ಗಂಟಲಿನಲ್ಲೂ ಬಾಲ್ಯದ ಆ ವಿದ್ಯೆ ಎದ್ದು ನಿಂತಿತ್ತು. "ಕಣ್ಣು..." ಎನ್ನುವಷ್ಟರಲ್ಲಿ ಆ ಕಣ್ಣು ಯಾರದೆಂದು ನೆನಪಾಗಿ ಬಾಯಿ ಮುಚ್ಚಿತು. ನನ್ನ ಜೀವಮಾನದಲ್ಲಿ ನುಂಗಿದ ಅತಿ ಕಷ್ಟದ ತುತ್ತು ಅದು.

ಕೆಸರು ಮೈದಾನದ ಆ ದಿನ, ಸ್ಟಿಯರಿಂಗ್ ಮೇಲಿನ ಆ ತಲೆ ನೆನಪಾಯಿತು. ಶೈಲಾ ನನ್ನ ತೋಳು ಹಿಡಿದಿದ್ದಳು. ಅಪೂರ್ವ ಅಲುಗಾಡಲಿಲ್ಲ. ನಮ್ಮ ಕಡೆ ನೋಡಲಿಲ್ಲ, ಕೂಗುವವರ ಕಡೆಯೂ ನೋಡಲಿಲ್ಲ. ಓಡಿಬಂದು ಕೈ ಬೀಸಿದ ಆಟಗಾರನಿಗೆ ತಲೆಯನ್ನಷ್ಟೇ ಆಡಿಸಿದಳು. ರೆಫರಿಯ ಸೀಟಿ ಕೇಳಿದ ಮೇಲೆ ಬಾವುಟವನ್ನು ನಿಧಾನವಾಗಿ ಇಳಿಸಿ ಮುಂದಕ್ಕೆ ಚಾಚಿದಳು. ಇಗೋ, ಇಲ್ಲಿ ನಿಂತಿದ್ದ ಎಂದು ತೋರಿಸುವ ಕ್ರಮ ಅದು. ಗೆರೆಯ ನೇರಕ್ಕೆ ನಿಂತವಳು ಅವಳೊಬ್ಬಳೇ. ಓರೆಯಲ್ಲಿ ಕೂತು ಖಚಿತವಾಗಿ ಮಾತಾಡುತ್ತಿದ್ದವರು ನಾವೆಲ್ಲ ಎಂದು ನನಗೆ ಆಗ ಹೊಳೆಯಿತು. ನನ್ನ ತಂಡ ಕಪ್ ಕಳೆದುಕೊಂಡಿತು. ನನ್ನ ಎದೆ ಉಬ್ಬಿತ್ತು. ಕಣ್ಣು ಒದ್ದೆಯಾಗಿತ್ತು, ಗಾಳಿಗೆ ಎಂದು ಶೈಲಾಗೆ ಹೇಳಿದೆ, ಅವಳು ನಂಬಲಿಲ್ಲ.

ವಾಪಸು ಬರುವ ರೈಲಿನಲ್ಲಿ ಅದೇ ಮಫ್ಲರಿನ ಅಜ್ಜ ತನ್ನ ಗೆಳೆಯನೊಡನೆ ನಮ್ಮೆದುರೇ ಬಂದು ಕೂತ. ನಾನು ಉಸಿರು ಬಿಗಿಹಿಡಿದೆ. ಇಬ್ಬರೂ ಪಂದ್ಯವನ್ನು ಮೊದಲಿನಿಂದ ಬಿಡಿಸಿದರು. ಗೋಲ್‌ಕೀಪರನ್ನು ಬಯ್ದರು, ಕೋಚನ್ನು ಬಯ್ದರು. ಆ ಗೋಲಿನ ವಿಷಯ ಬಂತು.

"ಆಫ್‌ಸೈಡ್ ಬೈ ಎ ಮೈಲ್," ಎಂದ ಗೆಳೆಯ ತನ್ನ ಫೋನಿನ ವಿಡಿಯೊ ಚಾಚಿ.

ಅಜ್ಜ ಕನ್ನಡಕ ಮೇಲೇರಿಸಿ ನೋಡಿ, ಮತ್ತೆ ನೋಡಿ, "ಈಡಿಯಟ್. ಆಲ್ವೇಸ್ ಗೋಸ್ ಟೂ ಅರ್ಲಿ," ಎಂದು ಆಟಗಾರನನ್ನೇ ಶಪಿಸಿದ. ಆಮೇಲೆ ಮಾತು ಕ್ರೀಡಾಂಗಣದಲ್ಲಿ ತಿಂದ ಮಾಂಸದ ಪೈ ಎಷ್ಟು ತಣ್ಣಗಿತ್ತೆಂಬ ಕಡೆ ಹೊರಳಿತು.

ಜಯಲಕ್ಷ್ಮಿ ಆಂಟಿಗೆ ತಡೆಯಲಾಗಲಿಲ್ಲ. "ಅಲ್ಲ ಕಣಪ್ಪಾ, ಅಷ್ಟೆಲ್ಲಾ ಮಾತಾಡಿದ್ರು, ನಮ್ಮ ಹುಡುಗಿ ವಿಷಯ ಒಂದು ಮಾತಾದ್ರೂ ಬಂತೇ? ತಾಳು, ನಾನು ಹೇಳ್ತೀನಿ," ಎಂದು ಅತ್ತ ಬಾಗಿ, "ಎಕ್ಸ್‌ಕ್ಯೂಸ್ ಮಿ" ಎಂದೇಬಿಟ್ಟರು. ಅಜ್ಜ ತಲೆಯೆತ್ತಿದ. ನಾನು ಅವಸರದಲ್ಲಿ ಪುಳಿಯೋಗರೆಯ ಡಬ್ಬಿ ಮುಂದೆ ಚಾಚಿದೆ. ಆತ ಒಂದು ಚಮಚ ತಿಂದು, ಕಣ್ಣರಳಿಸಿ, ಇನ್ನೊಂದು ಚಮಚ ಕೇಳಿದ. ಜೀವಮಾನವಿಡೀ ಕಾದಿದ್ದ ಜಂಬ, ಕೇಳಲು ಸಿದ್ಧವಾಗಿ ಕೂತ ಕಿವಿ, ಎರಡೂ ಕೈಯಳತೆಯಲ್ಲಿದ್ದಾಗ ಅನ್ನ ಬಡಿಸಿ ಸುಮ್ಮನಾದವನು ನಾನು.

ಮನೆ ಸೇರುವಷ್ಟರಲ್ಲಿ ಅಪೂರ್ವಳ ಫೋನು ಬಂತು.

"ಅಪ್ಪಾ, ಟ್ರೇನಲ್ಲಿ ಯಾರಾದ್ರೂ ನನ್ ಬಗ್ಗೆ ಏನಾದ್ರೂ ಅಂದ್ರಾ?"

"ಒಬ್ಬರೂ ಏನೂ ಅನ್ನಲಿಲ್ಲ."

"ರಿಯಲಿ? ನಥಿಂಗ್?"

"ನಥಿಂಗ್."

ಆ ಕಡೆಯಿಂದ ಬಂದ ಕೇಕೆ ಅಡಿಗೆಮನೆಯಲ್ಲಿದ್ದ ಶೈಲಾಗೂ ಕೇಳಿಸಿತು. ಮುಂದಿನ ಭಾನುವಾರ ಇನ್ನೊಂದು ಪಂದ್ಯವಿದೆಯಂತೆ. ಬಾವುಟ ಕಾರಿನಲ್ಲೇ ಇದೆಯಂತೆ, ಬೀರುವಿಗೆ ಹಾಕುವುದಿಲ್ಲವಂತೆ. "ಬಟ್ ಅಪ್ಪಾ, ಫಸ್ಟ್ ಹಾಫಲ್ಲಿ ಆಫ್‌ಸೈಡಿಗೆ ಕ್ಲ್ಯಾಪ್ ಮಾಡಿದ್ದು ಯಾರು?" ಎಂದು ಕೇಳಿದಳು. ಯಾರೋ ಹುಚ್ಚರಿರಬೇಕು ಎಂದೆ.

ಈಗ ಹಬ್ಬದೂಟದಲ್ಲಿ ಮಗಳ ವಿಷಯ ಕೇಳಿದರೆ ಎಕ್ಸ್‌ರೇ ತೆಗೆಯುತ್ತಾಳೆ ಎಂದಷ್ಟೇ ಹೇಳಿ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತೇನೆ. ಆದರೂ ಹೊಟ್ಟೆಯಲ್ಲಿಟ್ಟುಕೊಳ್ಳಲಾಗದೆ ನಿಮ್ಮೊಬ್ಬರಿಗೆ, ಗುಟ್ಟಿನಲ್ಲಿ, ಇಷ್ಟು ಹೇಳಿದ್ದೇನೆ. ದಯವಿಟ್ಟು ಓದಿ ಮರೆತುಬಿಡಿ. ನೀವು ಅವಳನ್ನು ಎಷ್ಟು ಚೆನ್ನಾಗಿ ಮರೆಯುತ್ತೀರೋ, ಅಷ್ಟು ಚೆನ್ನಾಗಿ ಅವಳು ಕೆಲಸ ಮಾಡಿದ್ದಾಳೆ ಎಂದು ನಾನು ಹಿಗ್ಗುತ್ತೇನೆ.