ದೋಣಿಯ ಬಣ್ಣ ಹೊಡೆದ ವ್ಯಾನು

ವ್ಯಾನಿಗೆ ದೋಣಿಯ ಬಣ್ಣ ಹೊಡೆದವನು ನಾನೇ. ಒಂದು ಕೋಟಲ್ಲ, ಮೂರು. ಉಪ್ಪುಗಾಳಿಗೆ ಕಬ್ಬಿಣ ತಿಂದುಹೋಗುತ್ತದೆಂದು ಒಳಗೆ, ಹೊರಗೆ, ಸೀಟಿನಡಿಗೆ, ಬೋಲ್ಟಿನ ತೂತಿಗೂ ಬ್ರಶ್ ತೂರಿಸಿ ಬಳಿದಿದ್ದೆ. ಒಳಗೆ ಮಲಗಿದ್ದ ಹಲ್ಲಿ ನೀಲಿಯಾಗಿ ಹೊರಬಂತು ಎಂದರೆ ನೀವು ನಂಬಲೇಬೇಕು. ಆಮೇಲೆ ಆ ಬಣ್ಣದ ಮೇಲೆಯೇ ಬ್ಯಾಟರಿಯ ಅರ್ತ್ ತಂತಿಯನ್ನು ಬಿಗಿದೆ. ನನ್ನ ಮೂರ್ಖತನ ಇಷ್ಟೇ. ಇದು ಮೂರ್ಖತನ ಎಂದು ಗೊತ್ತಾಗುವಷ್ಟರಲ್ಲಿ ಒಂದು ಪೆಟ್ಟಿಗೆ ಬಂಗಡೆ ಕೊಳೆತಿತ್ತು.

ಅಪ್ಪ ಭಟ್ಕಳ ಬಂದರಿನಲ್ಲಿ ತಾಂಡೇಲ, ದೋಣಿ ನಡೆಸುವವನು. ನಾನು ಅದೇ ದೋಣಿಯಲ್ಲಿ ವಾಂತಿ ಮಾಡುವವನು. ಹಗ್ಗ ಬಿಚ್ಚುವ ಮೊದಲೇ ನನಗೆ ಹೊಟ್ಟೆ ತೊಳಸುತ್ತಿತ್ತು. ನಾನು ಬಗ್ಗಿದ ಕಡೆ ಮೀನು ಜಾಸ್ತಿ ಸೇರುತ್ತದೆಂದು ದೋಣಿಯವರೆಲ್ಲ ಅಲ್ಲೇ ಬಲೆ ಬಿಡಲು ನೋಡುತ್ತಿದ್ದರು. ಅದಕ್ಕೇ ನಾನು ಎರಡು ಸಾವಿರದ ಇಸವಿಯ ಆಚೀಚೆ ಒಂದು ಹಳೇ ವ್ಯಾನು ಹಿಡಿದು, ಅದರೊಳಗೆ ಮಂಚ, ಸ್ಟೋವು ಕೂರಿಸಿ, ಮುರ್ಡೇಶ್ವರಕ್ಕೆ ಬರುವ ಪ್ರವಾಸಿಗಳಿಗೆ ಬಾಡಿಗೆಗೆ ಬಿಡುತ್ತೇನೆಂದು ಸಾರಿದೆ. ಭಟ್ಕಳದಲ್ಲಿ ದುಬೈ ಸಾಮಾನು ಮಾರುವ ಅಂಗಡಿಯಲ್ಲಿ ಬ್ಯಾಟರಿಯಿಂದ ಓಡುವ, ಪೆಟ್ಟಿಗೆಯಂಥ ಫ್ರಿಜ್ ಕೂಡ ಸಿಕ್ಕಿತು. ಅದಕ್ಕೆಂದೇ ಸೀಟಿನಡಿ ಎರಡನೆಯ ಬ್ಯಾಟರಿ ಇಟ್ಟೆ; ಬಣ್ಣದ ಮೇಲೆ ಬಿಗಿದದ್ದು ಇದರ ತಂತಿಯನ್ನೇ. ಗಾಡಿ ಓಡುವಾಗ ಅದೂ ಚಾರ್ಜ್ ಆಗಬೇಕು ಎಂಬುದು ನನ್ನ ಲೆಕ್ಕ.

ಅಪ್ಪ ಗಾಡಿಯ ಸುತ್ತ ಒಂದು ಸುತ್ತು ಬಂದರು.

"ಎಂತದಾ ಇದು? ಮನೆಯೋ, ಗಾಡಿಯೋ?"

"ಎರಡೂ ಹೌದು."

"ಹಂಗಾರೆ ಈ ಬಂಗಡೆ ತಕಂಡು ಕುಮಟೆಗೆ ನಿನ್ನ ಅಕ್ಕನ ಮನೆಗೆ ಹೋಗು. ದಾರೀಲಿ ಒಂದು ರಾತ್ರಿ ಉಳಕೊ. ಐಸ್ ಮುಟ್ಟೂದಿಲ್ಲ. ಮೀನು ಚಲೋ ಇದ್ರೆ ಗಾಡಿ ನಿಂದು. ಹಾಳಾದ್ರೆ ಗಾಡಿ ಮಾರೂದು, ನೀ ದೋಣಿ ಹತ್ತೂದು. ಆತಾ?"

"ಆತು!" ಎಂದೆ. ಪೆಟ್ಟಿಗೆಯ ಬಂಗಡೆಯನ್ನೆಲ್ಲ ಫ್ರಿಜ್ಜಿಗೆ ತುಂಬಿದೆ.

ಮನೆಯಲ್ಲಿ ತುಂಬ ಚಾರ್ಜ್ ಮಾಡಿಕೊಂಡು ಬಂದಿದ್ದರಿಂದ ಮಾವಳ್ಳಿ ದಾಟುವಾಗ ಫ್ರಿಜ್ ಹಾಡುತ್ತಿತ್ತು. ದಾರಿಯಲ್ಲಿ ಕೈ ಅಡ್ಡ ಹಾಕಿದವರಿಗೆಲ್ಲ ಮುಚ್ಚಳ ತೆಗೆದು ತಂಪು ತೋರಿಸಿದೆ. ಅಪ್ಸರಕೊಂಡದ ಗುಡ್ಡದ ಮೇಲೆ ಗಾಡಿ ನಿಲ್ಲಿಸಿ, ಸಂಜೆ ಚಹಾ ಕುಡಿದು ಬರುವಷ್ಟರಲ್ಲಿ ಹಾಡು ನಿಂತಿತ್ತು. ಕೆಂಪು ದೀಪ ಮಿಟುಕಿ ಅದೂ ಸತ್ತಿತು.

ನನಗೆ ತಪ್ಪು ನನ್ನದೆಂದು ಹೊಳೆಯಲೇ ಇಲ್ಲ. ಮೊದಲು ಫ್ರಿಜ್ಜಿಗೆ ಒದ್ದೆ. ಆಮೇಲೆ ಫ್ಯೂಸ್ ಬದಲಿಸಿದೆ. ಟೇಪ್ ರೆಕಾರ್ಡರ್ ಕರೆಂಟು ನುಂಗುತ್ತಿದೆಯೆಂದು ಕಿತ್ತು ಕೆಳಗಿಟ್ಟೆ. ಫ್ರಿಜ್ಜಿನ ತಿರುಗಣೆಯನ್ನು ಅತೀ ತಂಪಿಗೆ ತಿರುಗಿಸಿದೆ. ಹಸಿದು ಬಿದ್ದವನ ಮುಂದೆ ಊಟದ ತಟ್ಟೆ ದೊಡ್ಡದು ಮಾಡಿದ ಹಾಗೆ. ಸ್ವಲ್ಪ ದೂರದಲ್ಲೇ ಕಾಸರಕೋಡಿನ ಐಸ್ ಫ್ಯಾಕ್ಟರಿ ಇತ್ತು. ಒಂದು ಗೋಣಿ ಐಸ್ ತಂದಿದ್ದರೆ ಅಪ್ಪನಿಗೇನು ಕನಸು ಬೀಳುತ್ತಿತ್ತೇ? ಆದರೆ ತರುವುದಿಲ್ಲ ಎಂದೆ, ಗಟ್ಟಿಯಾಗಿ. ಕೇಳಲು ಎದುರಿಗೆ ಒಂದು ನಾಯಿ ಮಾತ್ರ ಇತ್ತು. ಅದೂ ಮೀನಿನ ಕಡೆಯದು.

ಬೆಳಿಗ್ಗೆ ಮುಚ್ಚಳ ತೆಗೆದಾಗ ನಾಯಿಯೇ ಎದ್ದು ದೂರ ಹೋಯಿತು.

ಆಗ ಬಂದ ಸಿಟ್ಟಿನಲ್ಲಿ ಇಂಡಿಕೇಟರಿನ ಬಲ್ಬ್ ಕಿತ್ತು, ಎರಡು ತಂತಿ ಕಟ್ಟಿ, ಗಾಡಿ ಚಾಲೂ ಮಾಡಿ ಪರೀಕ್ಷೆಗೆ ಕೂತೆ. ಒಂದು ತಂತಿ ಎರಡನೆಯ ಬ್ಯಾಟರಿಯ ಪ್ಲಸ್ಸಿಗೆ, ಇನ್ನೊಂದು ಅದರ ಮೈನಸ್ಸಿಗೆ ಹಿಡಿದೆ. ಬಲ್ಬ್ ನಿದ್ದೆಗಣ್ಣಿನಲ್ಲಿ ಕೆಂಪಗಾಯಿತು. ಅದೇ ಇನ್ನೊಂದು ತಂತಿಯನ್ನು ಇಂಜಿನ್ನಿನ ಬರಿ ಕಬ್ಬಿಣಕ್ಕೆ ತಾಗಿಸಿದೆ, ಕಣ್ಣು ಕುಕ್ಕುವ ಬೆಳಕು! ಕರೆಂಟು ಬರುತ್ತಿದೆ, ವಾಪಸು ಹೋಗಲು ದಾರಿಯಿಲ್ಲ. ನಾನು ವೈರಿಂಗ್ ಕಲಿತದ್ದು ಮರದ ದೋಣಿಯಲ್ಲಿ. ಅಲ್ಲಿ ಬ್ಯಾಟರಿಗೆ ಹೋಗಲೂ ತಂತಿ, ಬರಲೂ ತಂತಿ. ಗಾಡಿಯಲ್ಲಿ ವಾಪಸಿನ ತಂತಿಯೇ ಗಾಡಿಯ ಕಬ್ಬಿಣದ ಮೈ. ಆ ಮೈಗೆ ನಾನು ಮೂರು ಕೋಟಿನ ಅಂಗಿ ತೊಡಿಸಿದ್ದೆ. ಮೀನು ಕೊಯ್ಯುವ ಕತ್ತಿಯಿಂದ ಬೋಲ್ಟಿನ ಬುಡದ ಬಣ್ಣ ಕೆರೆದು, ಕಬ್ಬಿಣ ಹೊಳೆಯುವಂತೆ ಮಾಡಿ, ತಂತಿ ಬಿಗಿದೆ. ಸ್ವಲ್ಪ ಹೊತ್ತಿಗೆ ಫ್ರಿಜ್ ಗುರ್ ಎಂದಿತು. ನಾನೂ ಗುರ್ ಎಂದೆ.

ಕುಮಟೆಯಲ್ಲಿ ಅಕ್ಕ ಒಂದು ಬಂಗಡೆಯ ಕಿವಿರು ಎತ್ತಿ ನೋಡಿ, ಮೂಗು ಮುಚ್ಚಿಕೊಂಡಳು.

"ತಮಾ, ಇದನ್ನ ಮೀನು ಅಂತ ತಂದಿದ್ಯ, ಗೊಬ್ಬರ ಅಂತ ತಂದಿದ್ಯ? ತೆಂಗಿನ ಬುಡಕ್ಕಾದ್ರೆ ಇಳಿಸು."

"ಇಳಿಸ್ತೆ. ಸೀಟಿನಡಿ ಬಣ್ಣದ ಮೇಲೇ ತಂತಿ ಬಿಗಿದು ತಪ್ಪಾತು, ಈಗ ಕೆರೆದು ಸರಿ ಮಾಡಿದ್ದೆ. ಅಪ್ಪಂಗೆ ಫೋನ್ ಮಾಡಿ ಹಾಳಾತು ಅಂತ್ಲೇ ಹೇಳು. ಆದ್ರೆ ಗಾಡಿ ಮಾರೂಕೆ ಗಿರಾಕಿ ಹುಡುಕೂದು ಬೇಡ. ನಾನು ಇಲ್ಲಿಂದ ಮೀನು ತಕಂಡು ಬರ್ತೆ ಅಂತ ಹೇಳು."

"ತಾಂಡೇಲನ ಮನೆಗೆ ಮೀನು ಹೊತ್ಕೊಂಡು ಹೋಗ್ತ್ಯನಾ? ಊರೆಲ್ಲ ನಗಾಡ್ತದೆ ಮಾರಾಯಾ!"

"ನಗಾಡ್ಲಿ. ನಾ ದೋಣಿ ಹತ್ತಿದ್ರೆ ಇದಕ್ಕಿಂತ ಜಾಸ್ತಿ ನಗಾಡ್ತದೆ."

ಕುಮಟೆಯ ಪೇಟೆಯಲ್ಲಿ ಬಂಗಡೆ ಕೊಂಡೆ. ಚಾರ್ಜ್ ಮಾಡಲು ಅಕ್ಕನ ಮನೆಯ ಕರೆಂಟನ್ನೂ ಕೇಳಲಿಲ್ಲ. ಬೇಕೆಂದೇ ಊರೂರು ಸುತ್ತಿದೆ, ಮತ್ತೆ ಅಪ್ಸರಕೊಂಡದ ಅದೇ ಜಾಗದಲ್ಲಿ ರಾತ್ರಿ ಉಳಿದೆ. ಫ್ರಿಜ್ ಗೊರಕೆ ಹೊಡೆಯಿತು, ನಾನು ಹೊಡೆಯಲಿಲ್ಲ. ಹಳೇ ನಾಯಿ ಬಂದು ಈ ಸಲ ಬಾಗಿಲಲ್ಲೇ ಕಾದು ಕೂತಿತ್ತು. ಅದನ್ನು ಶುಭಶಕುನ ಎಂದುಕೊಂಡೆ.

ಭಟ್ಕಳ ಬಂದರಿನಲ್ಲಿ, ಬುಟ್ಟಿಗಟ್ಟಲೆ ಮೀನು ಇಳಿಯುತ್ತಿದ್ದ ಜಾಗದಲ್ಲೇ ಗಾಡಿ ನಿಲ್ಲಿಸಿ, ಎಲ್ಲರೆದುರು ಅಪ್ಪನ ಕೈಗೆ ಮೀನು ಕೊಟ್ಟೆ. ಕೇಕೆ, ಶಿಳ್ಳೆ. ಅಪ್ಪ ಕಿವಿರು ಎತ್ತಿದರು, ಕೆಂಪಗಿತ್ತು. ಹೆಬ್ಬೆರಳಿನಿಂದ ಮೈ ಒತ್ತಿದರು, ಗಟ್ಟಿಯಿತ್ತು. ಅಕ್ಕ ಫೋನಿನಲ್ಲಿ ಎಲ್ಲ ಹೇಳಿದ್ದಳೆಂದು ಕಾಣುತ್ತದೆ. ಬಗ್ಗಿ ಸೀಟಿನಡಿಯ ಬೋಲ್ಟನ್ನೂ ನೋಡಿದರು.

"ಮೀನು ಅಡ್ಡಿಲ್ಲ. ಗಾಡಿ ಇಟ್ಕೊ," ಎಂದರು. ನಾಲ್ಕು ಹೆಜ್ಜೆ ಹೋಗಿ ತಿರುಗಿ ನಿಂತರು.

"ಕಡಲಿಗೆ ಬರೂದು ಬೇಡ. ಮಳೆಗಾಲ ಕಳೆದ ಮೇಲೆ ದೋಣಿಗೆ ಬಣ್ಣ ಹೊಡೂಕೆ ಮಾತ್ರ ಬಾ. ಅದು ಮರ, ನೀ ಎಷ್ಟು ಕೋಟ್ ಹೊಡೆದ್ರೂ ಎಂತಾ ಆಗೂದಿಲ್ಲ."