ಪೆನ್ಸಿಲ್ ಮುಟ್ಟದ ರೇಟಕ್ಕ

ಬೆಳಗಿನ ಐದೂವರೆ. ಮಾರುಕಟ್ಟೆಯ ಶಟರ್‌ಗಳು ಇನ್ನೂ ಅರ್ಧಕ್ಕೇ ಎದ್ದಿವೆ. ಸೋಪಿನ ಅಂಗಡಿಯ ಮುಂದೆ ಹೆಂಗಸೊಬ್ಬರು ಚೀಲದಿಂದ ಅಂಗೈಯಗಲದ ತಕ್ಕಡಿ ತೆಗೆಯುತ್ತಾರೆ. “ಬನ್ನಿ ರೇಟಕ್ಕ, ಸೋಪು ಒಂದು ಗ್ರಾಮೂ ಇಳಿದಿಲ್ಲ, ನಾನೇ ಇಳಿದುಹೋಗಿದ್ದೀನಿ” ಎನ್ನುತ್ತಾನೆ ಅಂಗಡಿಯವ. ರೇಟಕ್ಕ ನಗುವುದಿಲ್ಲ. ಹೋದ ತಿಂಗಳು ನೂರು ಗ್ರಾಂ ಇದ್ದದ್ದು ಈಗ ತೊಂಬತ್ತೆರಡು. ಬೆಲೆ ಮಾತ್ರ ಅಷ್ಟೇ. ಪೆನ್ನಿನಲ್ಲಿ ಬರೆದುಕೊಂಡ ಮೇಲೆ ನಗುತ್ತಾರೆ.

“ಗಿರಾಕಿಗೆ ಬೆಲೆ ಕಾಣತ್ತೆ, ತೂಕ ಕಾಣಲ್ಲ. ಅದನ್ನ ನೋಡೋಕೇ ನಂಗೆ ಸಂಬಳ.”

ಇವರು ಸರ್ಕಾರದ ಬೆಲೆ ಗಣತಿದಾರರು. ಮೂವತ್ತೊಂದು ವರ್ಷದ ಸೇವೆ. ತಿಂಗಳಿಗೆ ಮೂವತ್ತೆಂಟು ಅಂಗಡಿ, ಇನ್ನೂರ ಹದಿನಾಲ್ಕು ಸಾಮಾನು, ಎಲ್ಲವೂ ಕಾಲ್ನಡಿಗೆಯಲ್ಲಿ. ಇಂಥವರು ತರುವ ಅಂಕಿಗಳನ್ನು ಕೂಡಿಸಿಯೇ ಬೆಲೆ ಸೂಚ್ಯಂಕ ಹುಟ್ಟುವುದು. ಕೂಲಿ, ಪಿಂಚಣಿ ಏರುವುದು ಅದರ ಲೆಕ್ಕದಲ್ಲಿ. ಆಳುವವರಿಗೆ ಜನ ಅಂಕ ಕೊಡುವುದೂ ಅದನ್ನು ನೋಡಿಯೇ. ಪರೀಕ್ಷೆ ಬರೆದವನೇ ಉತ್ತರಪತ್ರಿಕೆಯನ್ನೂ ತಿದ್ದಲು ಕೂತರೆ ಏನಾಗುತ್ತದೆ ಎಂಬುದನ್ನು ಒಂಬತ್ತು ವರ್ಷದ ಹಿಂದೆ ನಾವೆಲ್ಲ ಅನುಭವಿಸಿದ್ದೇವೆ.

ಅದು ಚುನಾವಣೆಯ ವರ್ಷ. ಗಣತಿದಾರರೆಲ್ಲರಿಗೂ ಪೆನ್ಸಿಲ್ ಹಂಚಿ, ಇನ್ನು ಮುಂದೆ ಇದರಲ್ಲೇ ಬರೆಯಿರಿ ಎಂದರು. ಯಾಕೆಂದು ಯಾರೂ ಕೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು. ರೇಟಕ್ಕ ಮಾತ್ರ ಪೆನ್ನು ಬಿಡಲಿಲ್ಲ. ಎಣ್ಣೆ ಬೆಲೆ ಸ್ವಲ್ಪ ಇಳಿಸಿ ಎಂದು ಮೇಲಧಿಕಾರಿ ಕರೆದು ಹೇಳಿದರು. “ನಾನು ಇಳಿಸಿದ್ರೆ ಅಂಗಡಿಯವನೂ ಇಳಿಸ್ತಾನಾ ಸಾರ್ ಅಂತ ಕೇಳ್ದೆ, ಅಷ್ಟೇ.” ಅಷ್ಟಕ್ಕೇ ನೆಲಮಾಳಿಗೆಯ ದಾಖಲೆ ಕೋಣೆಗೆ ವರ್ಗ. ಧೂಳು ಹೊಡೆಯುತ್ತಾ ಹತ್ತೊಂಬತ್ತು ತಿಂಗಳು ಕಳೆದರು. ಕೆಲಸವೇ ಹೋದೀತೆಂಬ ಭಯವಿರಲಿಲ್ಲವೇ ಎಂದರೆ, “ರಾತ್ರಿಯೆಲ್ಲ ಅಳ್ತಿದ್ದೆ. ಬೆಳಿಗ್ಗೆ ಮುಖ ತೊಳ್ಕೊಂಡು ಹೋಗ್ತಿದ್ದೆ.”

ಇತ್ತ ಕಾಗದದ ಮೇಲೆ ಬೆಲೆ ಏರಲೇ ಇಲ್ಲ. ಪಿಂಚಣಿಯೂ ಏರಲಿಲ್ಲ. “ನಿನ್ನ ಇಲಾಖೆಯೋರಿಗೆ ಹೇಳು, ನನ್ನ ಮಾತ್ರೆ ಅಂಗಡಿಯೋನು ಪೇಪರ್ ಓದಲ್ಲ” ಎಂದು ಪಿಂಚಣಿಯಲ್ಲೇ ದಿನ ನೂಕುತ್ತಿದ್ದ ಇವರ ಅತ್ತೆ ದಿನವೂ ಕುಟುಕುತ್ತಿದ್ದರು. ಕೊನೆಗೆ ಸುಳ್ಳು ಬಯಲಾಯಿತು. ಸಾಲ ಕೊಟ್ಟಿದ್ದ ಹೊರದೇಶದವರು ನಂಬಿಕೆ ಕಳೆದುಕೊಂಡು ಹಣ ಹಿಂತೆಗೆದರು. ಬ್ಯಾಂಕುಗಳ ಬಾಗಿಲು ಮುಚ್ಚಿತು, ಕಾರ್ಖಾನೆಗಳು ನಿಂತವು, ಸರ್ಕಾರವೂ ಉರುಳಿತು.

ಹೊಸ ಸರ್ಕಾರದ ತನಿಖಾ ಸಮಿತಿ ಗಣತಿದಾರರು ಬೆಲೆ ಬರೆದಿಟ್ಟ ಹಳೆಯ ಪುಸ್ತಕಗಳನ್ನು ಕೇಳಿತು. ಎಲ್ಲದರಲ್ಲೂ ರಬ್ಬರಿನಿಂದ ಅಳಿಸಿ ತಿದ್ದಿದ ಗುರುತು. ಆಗ ದಾಖಲೆ ಕೋಣೆಯಿಂದ ರೇಟಕ್ಕನೇ ತಮ್ಮ ಪುಸ್ತಕಗಳನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿದರು. ಇವರನ್ನು ಕತ್ತಲಕೋಣೆಗೆ ತಳ್ಳಿದ ಜಾಣರು ಇವರ ಪುಸ್ತಕಗಳನ್ನೂ ಅಲ್ಲಿಗೇ ಎಸೆದಿದ್ದರು! ಅಂಗಡಿಗಳ ಹಳೆಯ ಬಿಲ್ಲಿಗೆ ತಾಳೆಯಾದದ್ದು ಈ ಪುಸ್ತಕಗಳು ಮಾತ್ರ. ಅವನ್ನೇ ಅಳತೆಗೋಲು ಮಾಡಿಕೊಂಡು ಊರೂರಿನ ಬಿಲ್ಲುಗಳನ್ನು ತರಿಸಿ ಸೂಚ್ಯಂಕವನ್ನು ಹೊಸದಾಗಿ ಕಟ್ಟಿದರು. ಲಕ್ಷಾಂತರ ಮುದುಕರಿಗೆ ಬಾಕಿ ಪಿಂಚಣಿ ಬಂತು. ಅತ್ತೆಗೂ ಬಂತು. ಅತ್ತೆ ಮೊದಲು ಕೊಂಡದ್ದು ಸೊಸೆಗೊಂದು ಪೆನ್ನು.

ಇವರಿಗೆ ಪ್ರಶಸ್ತಿಯಿಲ್ಲ, ಬಡ್ತಿಯೂ ಇಲ್ಲ. ಮತ್ತೆ ಅದೇ ಮಾರುಕಟ್ಟೆ. ಬರುವ ವರ್ಷ ನಿವೃತ್ತಿ. ಆಮೇಲೇನು ಎಂದರೆ, “ಒಂದು ದಿನ ತೂಕ ನೋಡ್ದೆ ಸೋಪು ತಗೋಬೇಕು” ಎನ್ನುತ್ತಾರೆ.

ಚೀಲದಿಂದ ಇಲಾಖೆಯ ಹೊಸ ಕೈಪಿಡಿ ತೆಗೆದು ಮೊದಲ ಪುಟ ತೋರಿಸುತ್ತಾರೆ: ‘ಬೆಲೆಯನ್ನು ಪೆನ್ನಿನಲ್ಲೇ ಬರೆಯತಕ್ಕದ್ದು.’ ಅಲ್ಲಿ ನಿಮ್ಮ ಹೆಸರೇ ಇಲ್ಲವಲ್ಲ ಎನ್ನುತ್ತೇನೆ.

“ಹೆಸರು ಯಾಕೆ ಬಿಡಿ,” ಎನ್ನುತ್ತಾರೆ ತಕ್ಕಡಿ ಮಡಚುತ್ತಾ. “ಈಗ ಎಲ್ರೂ ನನ್ನ ಹಾಗೇ ಬರೀತಾರೆ.”