ಹಸಿರಿನ ದಿನ ದಾನವ್ವ ಏಳಲಿಲ್ಲ

ಮುಂಬಯಿಯ ಭಾಂಡುಪಿನಲ್ಲಿ ಮನೆಮನೆಗೆ ಹೋಗಿ ರೊಟ್ಟಿ ಬಡಿಯುವ ದಾನವ್ವನಿಗೆ ಯಾವ ಸಂಘವೂ ಶಾಲು ಹೊದಿಸುವುದಿಲ್ಲ. ಅದಕ್ಕೇ ನಾನು ಬರೆಯುತ್ತಿದ್ದೇನೆ.

ವಿಜಯಪುರದ ಕಡೆಯಿಂದ ಮದುವೆಯಾಗಿ ಬಂದವಳು. ಗಂಡನ ಜೊತೆ ಬಿಲ್ಡಿಂಗುಗಳಿಗೆ ಮರಳು ಹೊತ್ತಳು; ಅವನು ತೀರಿಕೊಂಡ ಮೇಲೆ ಅಂಥವೇ ಬಿಲ್ಡಿಂಗುಗಳ ಅಡುಗೆಮನೆಗಳಲ್ಲಿ ನಿಂತು ಮಗಳನ್ನು ನರ್ಸ್ ಮಾಡಿದಳು. ನಿಂತು ಎಂದೆ, ಗಮನಿಸಿ. ಅವಳ ರೊಟ್ಟಿ ತಿಂದ ಮನೆಗಳಲ್ಲಿ ಒಬ್ಬರೂ ‘ಕೂತುಕೋ’ ಎನ್ನಲಿಲ್ಲ.

ಮುಂಬಯಿಯಲ್ಲಿ ನವರಾತ್ರಿಯ ದಿನಕ್ಕೊಂದು ಬಣ್ಣದ ಉಡುಗೆ. ಆಫೀಸಿನವಳೂ ಮೀನು ಮಾರುವವಳೂ ಅಂದು ಲೋಕಲ್ ರೈಲಿನಲ್ಲಿ ಒಂದೇ ಬಣ್ಣ. ಈ ಸಲ ಹಸಿರಿನ ದಿನ ದಾನವ್ವ ರಜೆ ಹಾಕಿ, ಚಾಳಿನ ಪಕ್ಕದ ಖೋಲಿಯ ಗೆಳತಿ ಸೇವಂತಿಯ ಜೊತೆ ಮುನಿಸಿಪಾಲಿಟಿ ಗಾರ್ಡನ್ನಿಗೆ ಹೋದಳು. ಸೇವಂತಿ ಕಾಪು ಕಡೆಯವಳು, ಪರೇಲಿನ ಹೋಟೆಲಿನಲ್ಲಿ ತರಕಾರಿ ಹೆಚ್ಚುವವಳು. ಅಕ್ಟೋಬರಿನ ಬಿಸಿಲು ಸುಡುತ್ತಿತ್ತು. ಇಬ್ಬರೂ ಮರದಡಿಯ ಬೆಂಚು ಹಿಡಿದರು.

“ಇವತ್ತ ಹೊತ್ತ ಮುಣಗೂತನಕ ಇಲ್ಲೇ ಕುಂದ್ರೂದು, ಸೇವಂತಕ್ಕ.”

“ನೀನಾ? ಯಾರಾದ್ರೂ ‘ದಾನವ್ವಾ’ ಅಂದ್ರೆ ಸಾಕು, ಓಡ್ತಿ ಮಾರಾಯ್ತಿ.”

“ಎದ್ದರ ಒಂದ ವಾರ ನಿನ್ನ ಭಾಂಡಿ ನಾನ ತಿಕ್ಕತೀನಿ, ತಗೋ!”

ಶೇಂಗಾದ ಪೊಟ್ಟಣ ಬಿಚ್ಚುವಷ್ಟರಲ್ಲೇ ಕೂಗು ಬಂತು. ಹುಲ್ಲಿನ ಮೇಲೆ ನಮ್ಮ ಕನ್ನಡ ಮಹಿಳಾ ಮಂಡಳದವರು, ಎಲ್ಲರೂ ಹಸಿರುಟ್ಟು, ಫೋಟೋಗೆ ಸಾಲಾಗಿ ನಿಂತಿದ್ದರು. ನಡುವೆ ಧಾರವಾಡದ ಮಾಧುರಿಬಾಯಿ. ದಾನವ್ವ ದಿನಾ ರೊಟ್ಟಿ ಮಾಡುವುದು ಅವರ ಮನೆಯಲ್ಲೇ.

“ದಾನವ್ವಾ, ಬಾ ಇಲ್ಲೆ! ನಮ್ಮ ಪರ್ಸ್ ಹಿಡಕೋ, ಇನ್ನೊಂದು ಕೈಲೆ ಫೋಟೋ ತಗಿ!”

ಎಷ್ಟೋ ವರ್ಷಗಳ ರೂಢಿ. ಏಳಲೆಂದು ದಾನವ್ವನ ಕೈ ತಾನಾಗಿ ಮೊಣಕಾಲಿಗೆ ಹೋಯಿತು. ಸೇವಂತಿ ಪಾತ್ರೆ ತಿಕ್ಕುವವಳ ಹಾಗೆ ಗಾಳಿಯಲ್ಲಿ ಕೈ ತಿರುಗಿಸಿದಳು, ಅಷ್ಟೇ.

ದಾನವ್ವ ಬೆಂಚಿಗೆ ಬೆನ್ನು ಒರಗಿಸಿದಳು.

“ಇವತ್ತ ನನಗ ಸೂಟಿ ಐತ್ರಿ ಬಾಯಾರ. ನಾನೂ ಹಸರ ಉಟ್ಟೀನಲ್ಲ? ಫೋಟೋ ವಾಚ್‌ಮನ್ ತಗೀತಾನ. ನೀವೂ ಕುಂದ್ರಿ ಬರ್ರಿ, ಜಾಗಾ ಐತಿ.”

ಮಾಧುರಿಬಾಯಿ ಬರಲಿಲ್ಲ. ದೇವಿಯ ಮುಂದೆ ಎಲ್ಲರೂ ಒಂದೇ ಎಂದು ಭಾಷಣ ಬಿಗಿಯುವವರೇ, ಬಣ್ಣ ಬಿಡಿ, ಪರ್ಸ್ ಯಾರ ಕೈಯಲ್ಲಿದೆ ನೋಡಿಕೊಳ್ಳಿ.

ಕೊನೆಗೆ ವಾಚ್‌ಮನ್ನೇ ಕ್ಲಿಕ್ಕಿಸಿದ. ಆ ಫೋಟೋ ವಾಟ್ಸಾಪಿನಲ್ಲಿ ನನಗೂ ಬಂತು. ಮುಂದೆ ತಂತಮ್ಮ ಪರ್ಸ್ ಅಪ್ಪಿಕೊಂಡ ಬಿಗಿಮುಖಗಳು. ಹಿಂದೆ ಬೆಂಚಿನ ಮೇಲೆ ಹಸಿರುಟ್ಟ ಇಬ್ಬರು, ಬಾಯ್ತುಂಬ ಶೇಂಗಾ, ಬಾಯ್ತುಂಬ ನಗು.

ದಾನವ್ವ ಎದ್ದದ್ದು ಕತ್ತಲಾಗುವಾಗ, ಗೇಟು ಹಾಕಲು ವಾಚ್‌ಮನ್ ಸೀಟಿ ಊದಿದ ಮೇಲೆ. ಅದೂ ನಿಧಾನಕ್ಕೆ, ಸೀರೆಯ ನೆರಿಗೆ ಸರಿಮಾಡಿಕೊಂಡು.